ಅಳೆದ ದಿಮ್ಮಿ, ಅಳೆಯದ ಮರ

ಅರಣ್ಯ ಇಲಾಖೆಯ ಸರಕಾರಿ ಡಿಪೋದ ಹರಾಜಿನಲ್ಲಿ ಹಿಡಿದ ದಿಮ್ಮಿ ಯಾವ ಗಳಿಗೆಯಲ್ಲಿ ಕೊಂಡವನದಾಗುತ್ತದೆ ಎಂಬ ಪ್ರಶ್ನೆಯನ್ನು, ಗೋವಾದ ಫೋಂಡಾದಲ್ಲಿ ಹದಿನೆಂಟು ವರ್ಷ ಮರದ ವ್ಯಾಪಾರ ಮಾಡಿದ ಮೇಲೂ ನಾನು ಒಮ್ಮೆಯೂ ನಿಂತು ಕೇಳಿಕೊಂಡಿರಲಿಲ್ಲ. ಸವಾಲು ಕೂಗಿದೆವು, ದುಡ್ಡು ಕಟ್ಟಿದೆವು, ಪಾಸು ಸಿಕ್ಕಿತು, ಲಾರಿ ಹೊರಟಿತು. ಇದರ ನಡುವೆ ಮರ ಎಲ್ಲಿಯವರೆಗೆ ಸರಕಾರದ್ದು, ಎಲ್ಲಿಂದ ನಮ್ಮದು ಎಂದು ಗೆರೆ ಎಳೆಯುವ ಪ್ರಸಂಗವೇ ಬಂದಿರಲಿಲ್ಲ. 2012ರ ಏಪ್ರಿಲ್ ಮೂರನೆಯ ವಾರದಲ್ಲಿ ಬಂದ ನಾಲ್ಕು ಸಾಲಿನ ಪತ್ರವೊಂದು ಆ ಗೆರೆಯನ್ನು ಹುಡುಕಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತುವಂತೆ ಮಾಡಿತು.

ನಾವು ಮೂಲತಃ ಹಳಿಯಾಳದವರು. ಅಣ್ಣ 1994ರಲ್ಲಿ ಅನಮೋಡ ಘಾಟಿ ಇಳಿದು ಬಂದು ಫೋಂಡಾದ ಹೊರವಲಯದಲ್ಲಿ ಒಂದು ಸಣ್ಣ ಸಾಮಿಲ್ಲನ್ನು ಬಾಡಿಗೆಗೆ ಹಿಡಿದ; ನಾನು ಅವನ ಹಿಂದೆಯೇ ಬಂದೆ. ಗಿರಾಕಿಗಳ ಜೊತೆ ಕೊಂಕಣಿ, ಮಿಲ್ಲಿನೊಳಗೆ ಕನ್ನಡ, ಏಕೆಂದರೆ ದಿಮ್ಮಿ ಉರುಳಿಸುವವರು, ಗರಗಸಕ್ಕೆ ಕೊಡುವವರು, ಲಾರಿ ತುಂಬುವವರು ಎಲ್ಲರೂ ಹಳಿಯಾಳ, ಕಲಘಟಗಿ, ಖಾನಾಪುರದ ಕಡೆಯವರೇ. ಗೋವಾದ ಹಳೆಯ ಮನೆಗಳ ಮಾಡಿಗೆ ಬೇಕಾಗುವ ಉದ್ದನೆಯ ಮತ್ತಿ ತೊಲೆಗಳು, ಬಾಗಿಲಿಗೆ ತೇಗ, ಚೌಕಟ್ಟಿಗೆ ಜಂಬೆ, ಇವೇ ನಮ್ಮ ವ್ಯವಹಾರ. ಇವುಗಳಲ್ಲಿ ಬಹುಪಾಲು ಸರಕಾರಿ ಹರಾಜಿನಿಂದಲೇ ಬರುತ್ತಿತ್ತು. ನಮ್ಮ ಕಡೆ ಹರಾಜಿಗೆ ಲಿಲಾವು ಎನ್ನುತ್ತಾರೆ. ಅಣ್ಣನ ಲೆಕ್ಕದ ಪುಸ್ತಕದ ರಟ್ಟಿನ ಮೇಲೂ ‘ಲಿಲಾವಿನ ಮಾಪು’ ಎಂದೇ ಬರೆದಿತ್ತು.

ಆ ಪುಸ್ತಕದ ಬಗ್ಗೆ ಇಲ್ಲಿಯೇ ಹೇಳಬೇಕು, ಏಕೆಂದರೆ ಮುಂದೆ ನಮ್ಮನ್ನು ಉಳಿಸಿದ್ದು ಅದು. ಕೊಳ್ಳುವ ಮೊದಲು ಪ್ರತಿ ದಿಮ್ಮಿಯನ್ನೂ ತಾನೇ ಟೇಪು ಹಿಡಿದು ಅಳೆಯದೆ ಅಣ್ಣ ಸವಾಲು ಕೂಗುತ್ತಿರಲಿಲ್ಲ. ಉದ್ದ, ನಡುಭಾಗದ ಸುತ್ತಳತೆ, ಸುತ್ತಳತೆಯ ಕಾಲುಭಾಗದ ವರ್ಗವನ್ನು ಉದ್ದದಿಂದ ಗುಣಿಸಿದ ಘನಮಾಪು, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮರದ ಗುಣದೋಷ. ‘೨೭, ಮತ್ತಿ, ತುದಿಗೆ ಮೂರು ಸೀಳು, ಬುಡದ ಕಡೆ ಗಂಟು, ಹೊಟ್ಟೆ ಗಟ್ಟಿ’ ಎಂಬಂಥ ಸಾಲುಗಳು, ಎಲ್ಲವೂ ಕನ್ನಡದಲ್ಲಿ, ಎಲ್ಲ ಸಂಖ್ಯೆಗಳೂ ಕನ್ನಡ ಅಂಕಿಗಳಲ್ಲಿ. ಡಿಪೋದವರು ದಿಮ್ಮಿಯ ಕೊಯ್ದ ಮೈಮೇಲೆ ನೀಲಿ ಬಣ್ಣದಲ್ಲಿ ಬರೆದ ಸಂಖ್ಯೆಯನ್ನೂ, ಸುತ್ತಿಗೆಯಿಂದ ಒತ್ತಿದ ಇಲಾಖೆಯ ಮುದ್ರೆ ಎಲ್ಲಿ ಬಿದ್ದಿದೆ ಎಂಬುದನ್ನೂ ಅವನು ಬರೆದುಕೊಳ್ಳುತ್ತಿದ್ದ.

ಆ ವರ್ಷದ ಜನವರಿಯ ಹರಾಜಿನಲ್ಲಿ ನಮಗೆ ಮೂರು ಲಾಟುಗಳು ಬಂದಿದ್ದವು. ಮೊದಲ ಎರಡು, ಒಂದು ತೇಗದ್ದು ಇನ್ನೊಂದು ಮತ್ತಿಯದು, ಡಿಪೋದ ಅಂಗಳದಲ್ಲೇ ಸಾಲಾಗಿ ಪೇರಿಸಿಟ್ಟ ದಿಮ್ಮಿಗಳು. ಮೂರನೆಯದು ಹಿಂದಿನ ಮಳೆಗಾಲದ ಗಾಳಿಗೆ ಕಾಡಿನಲ್ಲಿ ಬಿದ್ದ ಮರಗಳು. ಅವುಗಳನ್ನು ನಾವೇ ತುಂಡರಿಸಿ, ಎಳೆಸಿ, ಡಿಪೋಕ್ಕೆ ತಂದು, ಅಲ್ಲಿ ಅಂತಿಮ ಅಳತೆಯಾದ ಮೇಲೆ ಉಳಿದ ಹಣ ಕಟ್ಟಿ ಒಯ್ಯಬೇಕಾಗಿತ್ತು. ಫೆಬ್ರವರಿಯಲ್ಲಿ ಮೂರಕ್ಕೂ ಮೇಲಧಿಕಾರಿಯ ಮಂಜೂರಾತಿ ಬಂತು. ಮೊದಲೆರಡು ಲಾಟುಗಳ ಪೂರ್ತಿ ಹಣವನ್ನು ಮಾರ್ಚ್ ಆರಂಭದಲ್ಲಿ ಕಟ್ಟಿದೆವು, ಮೂರನೆಯದಕ್ಕೆ ಕಾಲುಭಾಗ ಕಟ್ಟಿ ಕರಾರಿಗೆ ಸಹಿ ಮಾಡಿದೆವು. ಸಾಗಣೆಯ ಪಾಸಿಗಾಗಿ ಕಾಯುತ್ತಿದ್ದಾಗ ಬಂದದ್ದು ಆ ಪತ್ರ: ಆಡಳಿತಾತ್ಮಕ ಕಾರಣಗಳಿಂದ ಮೂರೂ ಲಾಟುಗಳ ಮಾರಾಟವನ್ನು ರದ್ದುಪಡಿಸಲಾಗಿದೆ, ಮುಂಗಡ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ಯಾವ ಕಾರಣ, ಯಾರ ತಪ್ಪು, ಒಂದಕ್ಷರವೂ ಇರಲಿಲ್ಲ. ಮೇ ತಿಂಗಳ ಎರಡನೆಯ ವಾರದಲ್ಲಿ ಅದೇ ಮರಗಳ ಮರುಹರಾಜು ಎಂಬ ಪ್ರಕಟಣೆ ಪತ್ರಿಕೆಯಲ್ಲಿ ಬಂದದ್ದನ್ನು ವಾಸ್ಕೋದ ಸ್ನೇಹಿತರೊಬ್ಬರು ಫೋನ್ ಮಾಡಿ ತಿಳಿಸಿದರು.

ನಾನು ಮಾಡಿದ ಮೊದಲ ತಪ್ಪು ಐದು ದಿನಗಳನ್ನು ಕಚೇರಿಯ ಬೆಂಚಿನ ಮೇಲೆ ಕಳೆದದ್ದು. ಸಾಹೇಬರು ಪ್ರವಾಸದಲ್ಲಿದ್ದಾರೆ, ಕಡತ ಮೇಲೆ ಹೋಗಿದೆ, ಸೋಮವಾರ ಬನ್ನಿ ಎಂಬ ಮಾತುಗಳನ್ನು ನಂಬಿ ಕುಳಿತೆ. ಪಣಜಿಯ ವಕೀಲರ ಮುಂದೆ ಕಾಗದಗಳನ್ನು ಹರಡಿದಾಗ ಅವರು ಮೊದಲು ಕೇಳಿದ್ದು ಪತ್ರ ಕೈಸೇರಿದ ದಿನಾಂಕವನ್ನು, ಮತ್ತು ಅಂದಿನಿಂದ ಏನು ಮಾಡಿದಿರಿ ಎಂಬುದನ್ನು. ನನ್ನ ಉತ್ತರ ಕೇಳಿ ಅವರು ಹೇಳಿದ ಪ್ರಕರಣ ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ. ಮುಂಬೈ ವಿಮಾನ ನಿಲ್ದಾಣದಲ್ಲಿ ಉಪಾಹಾರ ಗೃಹ ನಡೆಸುವ ಗುತ್ತಿಗೆಯ ಬಗ್ಗೆ ರಮಣ ದಯಾರಾಮ್ ಶೆಟ್ಟಿ ಎಂಬವರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಸರಕಾರಿ ಸಂಸ್ಥೆ ತಾನೇ ಹಾಕಿದ ಅರ್ಹತೆಯ ಷರತ್ತನ್ನು ತಾನೇ ಮುರಿಯುವಂತಿಲ್ಲ, ಗುತ್ತಿಗೆ ಕೊಡುವಾಗಲೂ ಅದು ಮನಬಂದಂತೆ ನಡೆಯುವಂತಿಲ್ಲ ಎಂದು 1979ರಲ್ಲಿ ನ್ಯಾಯಾಲಯ ಸಾರಿದ್ದು ಆ ಪ್ರಕರಣದಲ್ಲಿಯೇ. ಆದರೆ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ. ಅವರು ತಡವಾಗಿ ಬಂದಿದ್ದರು, ಅಷ್ಟರಲ್ಲಿ ಗುತ್ತಿಗೆ ಪಡೆದವರು ಲಕ್ಷಕ್ಕೂ ಮಿಕ್ಕಿ ಹಣ ಸುರಿದು ವ್ಯವಸ್ಥೆ ಮಾಡಿಕೊಂಡಿದ್ದರು. ಮರುಹರಾಜಿನಲ್ಲಿ ಮೂರನೆಯವರೊಬ್ಬರು ನಿಮ್ಮ ಮರಕ್ಕೆ ದುಡ್ಡು ಕಟ್ಟಿದ ಮರುಕ್ಷಣ ನಿಮ್ಮ ಪ್ರಕರಣದ ತೂಕ ಅರ್ಧಕ್ಕಿಳಿಯುತ್ತದೆ ಎಂದು ವಕೀಲರು ಹೇಳಿದರು.

ಅವರ ಎರಡನೆಯ ಪ್ರಶ್ನೆ ಕರಾರಿನ ಸಹಿಯ ಬಗ್ಗೆ. ಸಂವಿಧಾನದ 299ನೆಯ ವಿಧಿಯ ಪ್ರಕಾರ ರಾಜ್ಯದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರವುಳ್ಳವರ ಸಹಿಯೊಡನೆ ಇರಬೇಕು. ಇದು ಬರೀ ಶಿಷ್ಟಾಚಾರವಲ್ಲ. 1967ರ ಕಾನೂನು ವರದಿಗಳಲ್ಲಿರುವ ಕೆ. ಪಿ. ಚೌಧರಿ ಪ್ರಕರಣ ಮಧ್ಯಪ್ರದೇಶದ ಕಾಡುಮರದ ಹರಾಜಿನದೇ. ಅಲ್ಲಿ ವಿಧಿಗೆ ಅನುಗುಣವಾದ ಕರಾರೇ ಇಲ್ಲವೆಂಬ ಕಾರಣಕ್ಕೆ, ಮರುಹರಾಜಿನಲ್ಲಿ ಕಡಿಮೆ ಬಂದ ಹಣವನ್ನು ಮೊದಲ ಸವಾಲುದಾರನಿಂದ ವಸೂಲು ಮಾಡಲು ಸರಕಾರಕ್ಕೆ ಆಗಲಿಲ್ಲ. ಸಹಿ ಸರಿಯಿಲ್ಲದಿದ್ದರೆ ಅದೇ ಕತ್ತಿ ನಮ್ಮ ಕಡೆಗೂ ತಿರುಗುತ್ತಿತ್ತು. ಅದೃಷ್ಟಕ್ಕೆ ನಮ್ಮ ಕಾಗದಗಳು ಸರಿಯಾಗಿದ್ದವು. ಮಂಜೂರಾತಿ ಪತ್ರವನ್ನು ಅವರು ಬೆಳಕಿಗೆ ಹಿಡಿದು ಎರಡು ಸಲ ಓದಿದರು: ಸವಾಲಿನ ಸುತ್ತಿಗೆ ಬಿದ್ದೊಡನೆ ಮಾರಾಟ ಪೂರ್ಣವಾಗುತ್ತದೆಂದು ಸರಕು ಮಾರಾಟ ಕಾಯ್ದೆಯ 64ನೆಯ ಕಲಂ ಹೇಳಿದರೂ, ಮೇಲಧಿಕಾರಿಯ ಒಪ್ಪಿಗೆಗೆ ಒಳಪಟ್ಟು ಎಂಬ ಷರತ್ತಿದ್ದ ಹರಾಜಿನಲ್ಲಿ ಆ ಒಪ್ಪಿಗೆ ಬರುವತನಕ ಏನೂ ಮುಗಿದಂತಲ್ಲ.

ಎಲ್ಲಿಗೆ ಹೋಗಬೇಕು ಎಂಬುದು ಮುಂದಿನ ಮಾತು. ನಾನು ಹೈಕೋರ್ಟ್ ಎಂದುಕೊಂಡೇ ಬಂದಿದ್ದೆ. ಆಗ ಗೋವಾ ಪೀಠ ಪಣಜಿಯಲ್ಲೇ ಇತ್ತು, ಪರ್ವರಿಯ ಹೊಸ ಕಟ್ಟಡ ಆದದ್ದು 2021ರಲ್ಲಿ. ಕಾರಣ ಕೊಡದೆ, ಕೇಳದೆ ರದ್ದು ಮಾಡಿದ್ದರಿಂದ, ಸರಕಾರದ ನಡೆಯನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ರಿಟ್ ಅರ್ಜಿಗೆ ದಾರಿ ಇದೆ ಎಂದು ವಕೀಲರು ಒಪ್ಪಿದರು. ಆದರೆ ಬಿಹಾರದ ಸಾಲ್ ಬೀಜದ ಗುತ್ತಿಗೆಯ ರಾಧಾಕೃಷ್ಣ ಅಗರವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿಯೇ, ಕೇವಲ ಕರಾರು ಮುರಿದ ದೂರಿಗೆ ರಿಟ್ ಮದ್ದಲ್ಲ ಎಂದಿತ್ತು. ಅದಕ್ಕಿಂತ ಮುಖ್ಯವಾಗಿ, ನಮ್ಮ ಪ್ರಕರಣದ ಜೀವ ಇದ್ದದ್ದು ಯಾವ ದಿಮ್ಮಿ ಯಾವುದು ಎಂಬ ವಾಸ್ತವಾಂಶದಲ್ಲಿ. ಅದಕ್ಕೆ ಸಾಕ್ಷಿ ಬೇಕು, ಅಳತೆ ಬೇಕು, ಬೇಕಾದರೆ ಸ್ಥಳ ತನಿಖೆ ಬೇಕು. ಹಾಗಾಗಿ ಸಿವಿಲ್ ದಾವೆ ಎಂದು ತೀರ್ಮಾನವಾಯಿತು.

ದಾವೆ ಎಂದೊಡನೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಂ ಎದುರು ನಿಂತಿತು. ಸರಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟಿಸು ಕೊಡಬೇಕು. ನಮ್ಮ ಕೈಯಲ್ಲಿ ಉಳಿದಿದ್ದದ್ದು ಎರಡು ವಾರಕ್ಕೂ ಕಡಿಮೆ. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ದಾವೆ ಹಾಕಬಹುದು, ಆದರೆ ಹಾಗೆ ಹಾಕಿದಾಗ ಸರಕಾರಕ್ಕೆ ಹೇಳಿಕೊಳ್ಳಲು ಅವಕಾಶ ಕೊಡದೆ ಯಾವ ಮಧ್ಯಂತರ ಪರಿಹಾರವನ್ನೂ ನ್ಯಾಯಾಲಯ ಕೊಡುವಂತಿಲ್ಲ. ಬೆಳಿಗ್ಗೆ ಅರ್ಜಿ, ಸಂಜೆ ತಡೆಯಾಜ್ಞೆ ಎಂದು ಜನ ಆಡಿಕೊಳ್ಳುವುದನ್ನು ಕೇಳಿ ಬೆಳೆದ ನನಗೆ ಇದು ತಿಳಿದಿರಲಿಲ್ಲ. ಖಾಸಗಿ ವ್ಯಕ್ತಿಗಳ ನಡುವೆ, ನೋಟಿಸು ಕೊಟ್ಟರೆ ಉದ್ದೇಶವೇ ಕೆಡುವಂತಿದ್ದರೆ, ಕಾರಣ ಬರೆದು ಏಕಪಕ್ಷೀಯ ಆಜ್ಞೆ ಕೊಡಲು ಅದೇ ಸಂಹಿತೆಯ 39ನೆಯ ಆದೇಶದ 3ನೆಯ ನಿಯಮದಲ್ಲಿ ಅವಕಾಶವಿದೆ. ನೋಟಿಸಿಲ್ಲದೆ ಸರಕಾರದ ಮೇಲೆ ಹೋದವನಿಗೆ ಆ ಅವಕಾಶ ಇಲ್ಲ.

ಮುಂದಿನ ನಾಲ್ಕು ದಿನ ನಿದ್ದೆಯಿಲ್ಲದ ದಿನಗಳು. ವಾದಪತ್ರ, ಮಧ್ಯಂತರ ಅರ್ಜಿ, ಪ್ರಮಾಣಪತ್ರ, ರಸೀದಿಗಳ ಪ್ರತಿ, ಎಲ್ಲವೂ ಇಂಗ್ಲಿಷಿನಲ್ಲಿ. ಅಣ್ಣನ ಪುಸ್ತಕವನ್ನು ತೋರಿಸಿದಾಗ ವಕೀಲರ ಕಣ್ಣು ಅರಳಿತು, ಆದರೆ ಓದಲು ಅವರಿಗೆ ಬರಲಿಲ್ಲ, ನ್ಯಾಯಾಧೀಶರಿಗೂ ಬರುವಂತಿರಲಿಲ್ಲ. ಕಾರವಾರದಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತಿಯ ನಂತರ ಮಗಳ ಮನೆಯೆಂದು ಫೋಂಡಾದಲ್ಲಿ ನೆಲೆಸಿದ್ದ ಹಿರಿಯರೊಬ್ಬರು ನಮ್ಮ ಮಿಲ್ಲಿಗೆ ಕನ್ನಡ ಮಾತಾಡಲೆಂದೇ ಸಂಜೆ ಬರುತ್ತಿದ್ದರು. ಅವರು ಹದಿನಾಲ್ಕು ಪುಟಗಳನ್ನು ಎರಡು ರಾತ್ರಿ ಕೂತು ಇಂಗ್ಲಿಷಿಗೆ ಇಳಿಸಿ, ಅನುವಾದ ಸರಿಯಿದೆಯೆಂದು ಪ್ರಮಾಣ ಮಾಡಿದರು. ‘ಹೊಟ್ಟೆ ಗಟ್ಟಿ’ ಎಂಬುದಕ್ಕೆ ಏನು ಬರೆಯಬೇಕೆಂದು ಅವರು ಅಣ್ಣನನ್ನು ಕೇಳಿದ್ದು ನೆನಪಿದೆ. ದಿಮ್ಮಿಯ ಒಳತಿರುಳು ಟೊಳ್ಳಿಲ್ಲ ಎಂದು ಅಣ್ಣ ಮೇಜಿನ ಕಾಲನ್ನು ಬೆರಳಗಂಟಿನಿಂದ ಬಡಿದು ಶಬ್ದ ಕೇಳಿಸಿ ತಿಳಿಸಿದ. ಕನ್ನಡ ಅಂಕಿಗಳಲ್ಲಿ ೭ ಮತ್ತು ೬ ಒಂದಕ್ಕೊಂದು ಬದಲಾಗದಂತೆ ಪ್ರತಿ ಸಾಲನ್ನೂ ಡಿಪೋದ ಪಟ್ಟಿಯ ಜೊತೆ ತಾಳೆ ನೋಡಿದೆವು. ಎರಡು ಲಾಟುಗಳ ಎಲ್ಲ ದಿಮ್ಮಿಗಳ ಸಂಖ್ಯೆಯೂ ಉದ್ದವೂ ಹೊಂದಿಕೆಯಾದವು.

ವಿಚಾರಣೆಗೆ ಬಂದ ದಿನ ಸರಕಾರಿ ವಕೀಲರು ತಮ್ಮ ಉತ್ತರದಲ್ಲಿ, ಪತ್ರದಲ್ಲಿರದ ಒಂದು ಕಾರಣವನ್ನು ಮೊದಲ ಬಾರಿಗೆ ಹೇಳಿದರು. ಬಿದ್ದ ಮರಗಳಲ್ಲಿ ಕೆಲವು ಅಭಯಾರಣ್ಯದ ಗಡಿಯೊಳಗಿನವು, ಅಲ್ಲಿಂದ ಅವನ್ನು ತೆಗೆಯುವಂತಿಲ್ಲ ಎಂಬುದು ಆ ಕಾರಣ. ಅದರ ಹಿನ್ನೆಲೆ ನಮಗೂ ಗೊತ್ತಿತ್ತು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು, ಕೇಂದ್ರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವುದನ್ನು ದೇಶದಾದ್ಯಂತ ನಿಲ್ಲಿಸಿತ್ತು. ಅದೇ ಪ್ರಕರಣದ 2000ದ ಫೆಬ್ರವರಿ 14ರ ಆಜ್ಞೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರವನ್ನೂ ತೆಗೆಯದಂತೆ ತಡೆದಿತ್ತು. ಆ ಆಜ್ಞೆಯ ಬಗ್ಗೆ ನನಗೆ ಗೌರವವಿದೆ. ದಾಂಡೇಲಿಯ ಕಾಡಂಚಿನಲ್ಲಿ ಬೆಳೆದವನಿಗೆ ಬಿದ್ದ ಮರ ವ್ಯರ್ಥವಲ್ಲ, ಅದರೊಳಗೆ ಅಣಬೆ, ಹುಳು, ಹಕ್ಕಿ, ಮುಂದಿನ ಸಸಿ ಎಲ್ಲ ಇರುತ್ತವೆ ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ನನ್ನ ನೋವು ಬೇರೆ: ತೆಗೆಯಬಾರದ ಮರವನ್ನು ಹರಾಜಿಗಿಟ್ಟವರು ಅವರು, ಠೇವಣಿ ಕಳೆದುಕೊಂಡವರು ನಾವು. ಅಂಗಳದಲ್ಲಿದ್ದ ಎರಡು ಲಾಟುಗಳು ಅಭಯಾರಣ್ಯದವಲ್ಲ, ನೆಡುತೋಪಿನ ಮತ್ತು ರಸ್ತೆಬದಿಯ ಮರಗಳೆಂದು ಡಿಪೋದ ಪಟ್ಟಿಯೇ ಹೇಳುತ್ತಿತ್ತು. ಮೂರನ್ನೂ ಒಂದೇ ಗೀಟಿನಲ್ಲಿ ಹೊಡೆದುಹಾಕಿದ್ದು ಏಕೆ ಎಂಬುದಕ್ಕೆ ಉತ್ತರ ಬರಲಿಲ್ಲ.

ಸರಕಾರದ ಉಳಿದ ವಾದಗಳು ಕಾನೂನಿನಲ್ಲಿ ಬಲವಾದವೇ ಆಗಿದ್ದವು, ಅದನ್ನು ಒಪ್ಪಿಕೊಳ್ಳಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆ ಆಗ ಇದ್ದ ರೂಪದಲ್ಲಿ, ಚರ ಸ್ವತ್ತಿನ ಮಾರಾಟ ಮುರಿದರೆ ಹಣವೇ ಸಾಕಾದ ಪರಿಹಾರ ಎಂದು ನ್ಯಾಯಾಲಯ ಭಾವಿಸಿಕೊಂಡೇ ಹೊರಡಬೇಕಿತ್ತು. ಮರ ಪೇಟೆಯಲ್ಲಿ ಸಿಗುವ ಸರಕು. ಕರಾರಿನಲ್ಲಿ ರದ್ದುಪಡಿಸುವ ಅಧಿಕಾರ ಇಲಾಖೆಗಿದ್ದರೆ ಅಂಥ ಕರಾರನ್ನು ಬಲವಂತವಾಗಿ ನಡೆಸಿಕೊಡಲಾಗದು, ಮತ್ತು ನಡೆಸಿಕೊಡಲಾಗದ ಕರಾರಿನ ಉಲ್ಲಂಘನೆಯನ್ನು ತಡೆಯಲು ಅದೇ ಕಾಯ್ದೆಯ 41ನೆಯ ಕಲಂ ತಡೆಯಾಜ್ಞೆಯನ್ನೇ ನಿರಾಕರಿಸುತ್ತದೆ. ಇಂಡಿಯನ್ ಆಯಿಲ್ ಮತ್ತು ಅಮೃತಸರದ ಅನಿಲ ವಿತರಕರ ನಡುವಿನ 1991ರ ತೀರ್ಪನ್ನು ಅವರು ಓದಿದರು. ಅಲ್ಲಿ ರದ್ದತಿ ತಪ್ಪೆಂದಾದರೂ ವಿತರಕನಿಗೆ ದಕ್ಕಿದ್ದು ನೋಟಿಸಿನ ಅವಧಿಯ ನಷ್ಟ ಪರಿಹಾರ ಮಾತ್ರ. ಕೊನೆಗೆ, ಮಳೆ ಹತ್ತಿರದಲ್ಲಿದೆ, ಮರ ಕೊಳೆತರೆ ಬೊಕ್ಕಸಕ್ಕೆ ನಷ್ಟ ಎಂದರು.

ನಮ್ಮ ವಕೀಲರು ಕರಾರನ್ನು ಉಳಿಸಿಕೊಡಿ ಎಂದು ಕೇಳಲೇ ಇಲ್ಲ. ಅವರು ಮೂರು ಲಾಟುಗಳನ್ನು ಬೇರೆ ಬೇರೆಯಾಗಿ ತೆಗೆದುಕೊಂಡರು. ಮೊದಲೆರಡರಲ್ಲಿ ಪ್ರತಿ ದಿಮ್ಮಿಗೂ ಸಂಖ್ಯೆಯಿದೆ, ಅಳತೆಯಾಗಿದೆ, ಪೂರ್ತಿ ಹಣ ಸಂದಿದೆ. ಒಯ್ಯಲು ಸಿದ್ಧವಾಗಿರುವ ಗೊತ್ತಾದ ಸರಕಿನ ಒಡೆತನ ಸರಕು ಮಾರಾಟ ಕಾಯ್ದೆಯ 20ನೆಯ ಕಲಮಿನಂತೆ ಕೊಂಡವನಿಗೆ ಆಗಲೇ ಹೋಗಿದೆ. ಹಾಗಾದರೆ ಸರಕಾರ ಈಗ ಮಾರಹೊರಟಿರುವುದು ತನ್ನದಲ್ಲದ ಮರವನ್ನು. ಆಜ್ಞೆಯೊಂದರ ಸರಿತಪ್ಪನ್ನು ಅದರಲ್ಲೇ ಬರೆದ ಕಾರಣಗಳಿಂದ ಅಳೆಯಬೇಕು, ಆಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಸೇರಿಸಿ ಅದನ್ನು ಎತ್ತಿ ನಿಲ್ಲಿಸುವಂತಿಲ್ಲ ಎಂಬ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ 1978ರ ವರದಿಯನ್ನೂ ಅವರು ಮುಂದಿಟ್ಟರು.

ನ್ಯಾಯಾಧೀಶರು ಬಹಳ ಹೊತ್ತು ಕೇಳಿದರು. ಮೇಲ್ನೋಟಕ್ಕೆ ಹುರುಳಿರುವ ಪ್ರಕರಣ, ಎರಡೂ ಕಡೆಯ ಅನುಕೂಲ ಅನನುಕೂಲಗಳ ತೂಕ, ಹಣದಿಂದ ತುಂಬಲಾಗದ ಹಾನಿ, ಈ ಮೂರೂ ಒಟ್ಟಿಗೆ ಇರಬೇಕೆಂದು ದಲ್ಪತ್ ಕುಮಾರ್ ಪ್ರಕರಣವನ್ನು ಉಲ್ಲೇಖಿಸಿ, ನೇರವಾಗಿ ನಮ್ಮ ಕಡೆ ನೋಡಿ ಕೇಳಿದರು: ನಿಮಗೆ ಬೇಕಾದದ್ದು ಹಣವೋ ಮರವೋ? ಹಣ ಎಂದರೆ ತಡೆಯಾಜ್ಞೆ ಏಕೆ, ಮರ ಎಂದರೆ ಅದೇ ಮರ ಏಕೆ? ಅಣ್ಣ ವಕೀಲರ ಕಿವಿಯಲ್ಲಿ ಹೇಳಿದ. ಇಪ್ಪತ್ತು ಅಡಿ ಉದ್ದ, ಒಂದೇ ಗಾತ್ರ, ಸೊಟ್ಟವಿಲ್ಲದ ಮತ್ತಿ ಹನ್ನೊಂದು ತುಂಡು ಆ ಲಾಟಿನಲ್ಲಿದ್ದವು. ನೂರು ವರ್ಷ ದಾಟಿದ ಒಂದು ಮನೆಯ ಮಾಡಿನ ತೊಲೆಗಳಿಗೆಂದು ಅವನ್ನು ಎಣಿಸಿಯೇ ಸವಾಲು ಕೂಗಿದ್ದೆವು. ಆ ಅಳತೆಯ ಹನ್ನೊಂದು ಒಟ್ಟಿಗೆ ಆ ವರ್ಷ ಬೇರೆ ಡಿಪೋದಲ್ಲಿ ಕಂಡಿರಲಿಲ್ಲ. ವಕೀಲರು ಪುಸ್ತಕದ ಆ ಪುಟವನ್ನೂ ಅನುವಾದವನ್ನೂ ಪೀಠಕ್ಕೆ ಕೊಟ್ಟರು. ನ್ಯಾಯಾಧೀಶರು ತಮಗೆ ಬಾರದ ಲಿಪಿಯ ಆ ಸಾಲುಗಳ ಮೇಲೆ ಬೆರಳಿಟ್ಟು, ಅನುವಾದದ ಸಾಲಿಗೆ ಒಂದೊಂದಾಗಿ ಹೊಂದಿಸಿ ನೋಡಿದರು.

ಮರುಹರಾಜಿನ ಹಿಂದಿನ ದಿನ ಮಧ್ಯಾಹ್ನ ಆಜ್ಞೆ ಬಂತು. 80ನೆಯ ಕಲಮಿನ ನೋಟಿಸಿನಿಂದ ವಿನಾಯಿತಿ ಸಿಕ್ಕಿತು. ಮೊದಲೆರಡು ಲಾಟುಗಳನ್ನು ಮಾರಬಾರದು, ಸಾಗಿಸಬಾರದು, ಎರಡೂ ಕಡೆಯವರು ಯಥಾಸ್ಥಿತಿ ಕಾಪಾಡಬೇಕು. ದಾವೆ ಸೋತರೆ ಆಗುವ ನಷ್ಟವನ್ನು ತುಂಬಿಕೊಡುತ್ತೇವೆಂದು ವಾದಿಗಳು ಮುಚ್ಚಳಿಕೆ ಬರೆದುಕೊಡಬೇಕು. ಮೂರನೆಯ ಲಾಟಿಗೆ ತಡೆಯಾಜ್ಞೆ ಇಲ್ಲ. ಕಾಡಿನಲ್ಲಿ ಬಿದ್ದ ಮರ ಇನ್ನೂ ಅಳತೆಯಾಗಿಲ್ಲ, ಗೊತ್ತಾಗದ ಸರಕಿನ ಒಡೆತನ ಯಾರಿಗೂ ದಾಟಿಲ್ಲ, ಅಭಯಾರಣ್ಯದ ಪ್ರಶ್ನೆಯಲ್ಲಿ ಸಾರ್ವಜನಿಕ ಹಿತ ತೂಗುತ್ತದೆ, ಹಾನಿಯಿದ್ದರೆ ಅದನ್ನು ಹಣದಲ್ಲಿ ಎಣಿಸಬಹುದು. ನನಗೆ ಆ ಕ್ಷಣ ಅರ್ಧ ಸೋತಂತೆ ಅನ್ನಿಸಿತು. ಈಗ ಯೋಚಿಸಿದರೆ ಆ ಆಜ್ಞೆಯಲ್ಲಿ ತೆಗೆದುಹಾಕಬೇಕಾದ ಒಂದು ಸಾಲೂ ನನಗೆ ಕಾಣುವುದಿಲ್ಲ. ಮೂರನೆಯ ಲಾಟಿನಲ್ಲಿ ನಮ್ಮದಾಗಿದ್ದದ್ದು ಮರವಲ್ಲ, ಮರ ಸಿಗುವ ಭರವಸೆ. ಭರವಸೆ ಮುರಿದದ್ದಕ್ಕೆ ಲೆಕ್ಕ ಕೇಳಬಹುದು, ಅದನ್ನು ಹಗ್ಗ ಹಾಕಿ ಕಟ್ಟಿ ನಿಲ್ಲಿಸಲಾಗದು.

ಮರುದಿನ ಬೆಳಿಗ್ಗೆ ಎಂಟಕ್ಕೇ ಅಣ್ಣನೂ ನಾನೂ ಡಿಪೋದ ಗೇಟಿನಲ್ಲಿದ್ದೆವು. ದೃಢೀಕೃತ ಪ್ರತಿ ಇನ್ನೂ ಕೈಸೇರದಿದ್ದರಿಂದ, ಆಜ್ಞೆಯ ಸಾರಾಂಶದೊಡನೆ ವಕೀಲರ ಪತ್ರವನ್ನು ಹಿಂದಿನ ಸಂಜೆಯೇ ಕಚೇರಿಗೆ ತಲುಪಿಸಿ ಸ್ವೀಕೃತಿ ಪಡೆದಿದ್ದೆವು. ಹರಾಜಿಗೆ ಬಂದವರು ನಮಗೆ ಗೊತ್ತಿದ್ದ ವ್ಯಾಪಾರಿಗಳೇ. ಅವರಲ್ಲೊಬ್ಬರ ಆಳು ನಮ್ಮ 27ನೆಯ ನಂಬರಿನ ದಿಮ್ಮಿಯ ಮೇಲೆ ಆಗಲೇ ಸೀಮೆಸುಣ್ಣದಿಂದ ತನ್ನ ಗುರುತು ಎಳೆದಿದ್ದ. ಅಧಿಕಾರಿ ಪತ್ರವನ್ನು ಓದಿ, ಒಳಗೆ ಹೋಗಿ ಫೋನ್ ಮಾಡಿ ಬಂದು, ಯಾವ ಮಾತೂ ಆಡದೆ ಪಟ್ಟಿಯಲ್ಲಿ ಎರಡು ಲಾಟುಗಳ ಮೇಲೆ ಗೆರೆ ಎಳೆದರು. ಅಣ್ಣ ತನ್ನ ಅಂಗೈಯಿಂದ ಆ ಸುಣ್ಣದ ಗುರುತನ್ನು ಒರೆಸಿದ. ಸುಣ್ಣ ಸೀಳಿನೊಳಗೆ ಇಳಿದಿತ್ತು, ಪೂರ್ತಿ ಹೋಗಲಿಲ್ಲ.

ಯಥಾಸ್ಥಿತಿ ಎಂಬ ಪದದ ಪೂರ್ತಿ ಅರ್ಥ ತಿಳಿದದ್ದು ಜೂನ್ ತಿಂಗಳಲ್ಲಿ. ಮಾರುವಂತಿಲ್ಲ ಎಂದರೆ ನಾವು ಒಯ್ಯುವಂತೆಯೂ ಇಲ್ಲ. ಗೋವಾದ ಮಳೆ ಗೊತ್ತಿದ್ದವರಿಗೆ ತೆರೆದ ಅಂಗಳದಲ್ಲಿ ನೆಲಕ್ಕೆ ತಾಗಿ ಬಿದ್ದ ದಿಮ್ಮಿಯ ಗತಿ ಹೇಳಬೇಕಿಲ್ಲ. ತೇಗದ ಒಳತಿರುಳು ಮಳೆಯನ್ನು ತಾಳಿಕೊಳ್ಳುತ್ತದೆ, ಆದರೆ ಸುತ್ತಲಿನ ಬಿಳಿಮರಕ್ಕೆ ಹುಳು ಬೀಳುತ್ತದೆ. ಮತ್ತಿಯಂತೂ ಒಮ್ಮೆ ನೆನೆದು ಒಮ್ಮೆ ಒಣಗಿ ತುದಿಯಿಂದ ಒಳಗೆ ಸೀಳುತ್ತಾ ಹೋಗುತ್ತದೆ. ಜುಲೈ ಮೊದಲ ವಾರ ಬೇಲಿಯಾಚೆಯಿಂದ ನೋಡಿದಾಗ ಕೆಳಸಾಲಿನ ದಿಮ್ಮಿಗಳ ಕೆಳಗೆ ನೀರು ನಿಂತಿತ್ತು, ತುದಿಗಳಲ್ಲಿ ಬಿಳಿಯ ಬೂಸು ಹಿಡಿದಿತ್ತು. ಗೆದ್ದ ಮರ ನಮ್ಮ ಕಣ್ಣೆದುರೇ ಕೆಡುತ್ತಿತ್ತು, ಮುಟ್ಟಲು ನಮಗೆ ಅಧಿಕಾರವಿರಲಿಲ್ಲ.

ಇಲ್ಲಿ ನಮಗೆ ಒದಗಿದ್ದು 39ನೆಯ ಆದೇಶದ ಅಷ್ಟಾಗಿ ಯಾರೂ ಮಾತಾಡದ ಎರಡು ನಿಯಮಗಳು. ಬೇಗ ಕೆಡುವ ಚರ ಸ್ವತ್ತನ್ನು ದಾವೆ ನಡೆಯುತ್ತಿರುವಾಗಲೇ ಮಾರಲು 6ನೆಯ ನಿಯಮದಲ್ಲಿ, ಅದನ್ನು ತಪಾಸಣೆ ಮಾಡಿ ಕಾಪಿಡಲು 7ನೆಯ ನಿಯಮದಲ್ಲಿ ನ್ಯಾಯಾಲಯಕ್ಕೆ ಅಧಿಕಾರವಿದೆ. ಸರಕಾರ ಮೊದಲನೆಯದನ್ನು ಕೇಳಿತು, ನಾವು ಎರಡನೆಯದನ್ನು. ನ್ಯಾಯಾಲಯ ಒಬ್ಬ ವಕೀಲರನ್ನು ಕಮಿಷನರ್ ಆಗಿ ನೇಮಿಸಿತು. ಅವರು ಛತ್ರಿ ಹಿಡಿದು ಡಿಪೋದಲ್ಲಿ ಎರಡು ದಿನ ನಿಂತು, ಅಣ್ಣನ ಪುಸ್ತಕದ ಅನುವಾದವನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟುಕೊಂಡು, ಪ್ರತಿ ದಿಮ್ಮಿಯನ್ನೂ ಮತ್ತೆ ಅಳೆಸಿ ಹೊಸ ಸೀಳುಗಳನ್ನು ಬರೆದುಕೊಂಡರು. ನಮ್ಮ ಖರ್ಚಿನಲ್ಲಿ ದಿಮ್ಮಿಗಳನ್ನು ನೆಲದಿಂದ ಎತ್ತಿ ಅಡ್ಡಕಟ್ಟಿಗೆಗಳ ಮೇಲೆ ಇಟ್ಟು, ತಾಡಪತ್ರಿ ಹೊದಿಸಿದೆವು. ನಮ್ಮ ಹಮಾಲರು ಆ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ. ಊಟ ಮಾತ್ರ ಮಾಡಿದರು.

ಅಷ್ಟರಲ್ಲಿ ಸರಕಾರ ಜಿಲ್ಲಾ ನ್ಯಾಯಾಲಯದಲ್ಲಿ ಮೇಲ್ಮನವಿ ಹಾಕಿತ್ತು. ಕೆಳ ನ್ಯಾಯಾಲಯ ವಿವೇಚನೆಯಿಂದ ಕೊಟ್ಟ ಮಧ್ಯಂತರ ಆಜ್ಞೆಯಲ್ಲಿ ಮನಸ್ಸಿಗೆ ಬಂದಂತೆ ನಡೆದದ್ದು ಕಾಣದ ಹೊರತು ಮೇಲಿನ ನ್ಯಾಯಾಲಯ ಕೈಹಾಕಬಾರದು ಎಂಬ ವಾಂಡರ್ ಪ್ರಕರಣದ 1990ರ ಸೂತ್ರವನ್ನು ಹೇಳಿ ಅದು ವಜಾ ಆಯಿತು. ಕಮಿಷನರ್ ವರದಿ ಬಂದ ಮೇಲೆ, ದಸರೆಯ ನಂತರ, ಲಾಟುಗಳ ಬೆಲೆಯಷ್ಟು ಬ್ಯಾಂಕ್ ಖಾತರಿ ಕೊಟ್ಟರೆ ಮರವನ್ನು ಒಯ್ಯಬಹುದೆಂದು ಆಜ್ಞೆಯಾಯಿತು. ಹನ್ನೊಂದು ಮತ್ತಿಯಲ್ಲಿ ಒಂಬತ್ತು ತೊಲೆಗೆ ಬಂದವು. ಎರಡನ್ನು ಚೌಕಟ್ಟಿಗೆ ಕೊಯ್ಯಬೇಕಾಯಿತು. ಆ ಮನೆಯ ಹಿರಿಯ ಮಹಿಳೆ ಒಂದು ಮಳೆಗಾಲ ತಾಡಪತ್ರಿಯ ಕೆಳಗೆ ಕಳೆದರೂ ಬೇರೆ ಮರಕ್ಕೆ ಹೋಗದೆ ನಮಗಾಗಿ ಕಾದಿದ್ದರು. ಅವರ ಋಣ ದೊಡ್ಡದು.

ಈಗ ಇದೇ ದಾರಿ ಹಿಡಿಯುವವರಿಗೆ ಕೆಲವು ತಿರುವುಗಳು ಬೇರೆಯಾಗಿವೆ. 2018ರ ಅಕ್ಟೋಬರ್ 1ರಿಂದ ನಿರ್ದಿಷ್ಟ ಪರಿಹಾರ ಕಾಯ್ದೆ ತಿದ್ದುಪಡಿಯಾಗಿ, ಹಣವೇ ಸಾಕು ಎಂಬ ಹಳೆಯ ಭಾವನೆ ಪಠ್ಯದಿಂದ ಹೋಗಿದೆ. ಆದರೆ ಸ್ವಭಾವತಃ ರದ್ದುಪಡಿಸಬಹುದಾದ ಕರಾರನ್ನು ನಡೆಸಿಕೊಡಲಾಗದು ಎಂಬುದು ಹಾಗೆಯೇ ಉಳಿದಿದೆ. ಮೂರು ಲಕ್ಷ ಮೀರಿದ ಸರಕು ಮಾರಾಟದ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ, ಅಲ್ಲಿ ದಾವೆಗೆ ಮೊದಲು ಮಧ್ಯಸ್ಥಿಕೆಯ ಪ್ರಯತ್ನ ಕಡ್ಡಾಯ, ತುರ್ತು ಮಧ್ಯಂತರ ಪರಿಹಾರ ಬೇಕಿದ್ದವರಿಗೆ ಮಾತ್ರ ಅದರಿಂದ ಬಿಡುಗಡೆ. ಕಾರಣವಿಲ್ಲದೆ ಗುತ್ತಿಗೆ ರದ್ದು ಮಾಡುವ ಸರಕಾರಿ ಸಂಸ್ಥೆಗಳನ್ನು ರಿಟ್ ಅಧಿಕಾರದಲ್ಲಿ ಪ್ರಶ್ನಿಸಲು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ, ಕೋಲ್ಕತ್ತಾದ ಸುಬೋಧ್ ಕುಮಾರ್ ಸಿಂಗ್ ರಾಥೋರ್ ಪ್ರಕರಣದಲ್ಲಿ, ಇನ್ನಷ್ಟು ಜಾಗ ಮಾಡಿಕೊಟ್ಟಿದೆ. ಅಳತೆಯ ಪುಸ್ತಕವನ್ನು ಇಡುವುದಕ್ಕೆ ಮಾತ್ರ ಯಾವ ಕಾಯ್ದೆಯೂ ಹೇಳುವುದಿಲ್ಲ. ದಯವಿಟ್ಟು ಇಡಿ, ನಿಮಗೆ ಬರುವ ಭಾಷೆಯಲ್ಲೇ ಇಡಿ.

ಮೂರನೆಯ ಲಾಟಿನ ಮಾತು 2017ರವರೆಗೆ ಎಳೆಯಿತು. ತಪ್ಪು ನಮ್ಮದಲ್ಲದಿದ್ದಾಗ ಠೇವಣಿಯನ್ನು ನುಂಗಿಕೊಳ್ಳುವ ಹಕ್ಕು ಇಲಾಖೆಗಿಲ್ಲ ಎಂದು ನ್ಯಾಯಾಲಯ ಠೇವಣಿಯನ್ನೂ ಕಟ್ಟಿದ ಕಾಲುಭಾಗವನ್ನೂ ಬಡ್ಡಿ ಸಹಿತ ಹಿಂದಿರುಗಿಸುವಂತೆ ಡಿಕ್ರಿ ಕೊಟ್ಟಿತು. ಕಾಡಿನಿಂದ ಮರ ಎಳೆಸಲು ಮಾಡಿಕೊಂಡ ಸಿದ್ಧತೆಯ ಖರ್ಚಿಗೆ ರಸೀದಿ ತೋರಿಸಲಾಗದೆ ಅದನ್ನು ಬಿಟ್ಟೆವು. ಮೊದಲೆರಡು ಲಾಟುಗಳ ಬ್ಯಾಂಕ್ ಖಾತರಿಯೂ ಬಿಡುಗಡೆಯಾಯಿತು. ಮೇಲ್ಮನವಿಯ ಅವಧಿ ಕಳೆದ ಮೇಲೆ ಅರ್ಜಿ ಕೊಟ್ಟು ದಾಖಲೆಗಳನ್ನು ಹಿಂದೆ ಪಡೆದೆವು. ‘ಲಿಲಾವಿನ ಮಾಪು’ ರಟ್ಟಿನ ಮೇಲೆ ಸಾಕ್ಷ್ಯವೆಂದು ಗುರುತಿಸಿದ ನಿಶಾನೆಯ ಮೊಹರು, ಹದಿನಾಲ್ಕು ಪುಟಗಳಿಗೂ ನ್ಯಾಯಾಲಯದ ಕೆಂಪು ಶಾಯಿಯ ಸಹಿ. ಅಣ್ಣ ಅದನ್ನು ಮಿಲ್ಲಿಗೆ ತಂದು, ಹದಿನೈದನೆಯ ಪುಟವನ್ನು ತೆರೆದು, ಆ ವಾರ ಬಂದಿದ್ದ ಜಂಬೆಯ ಅಳತೆ ಬರೆಯತೊಡಗಿದ.